ಸಕ್ಕರೆಯಿಲ್ಲ, ಕೆನೆಯಿಲ್ಲ, ಆದರೂ ಐಸ್ ಕ್ರೀಂ!

ಮಿಕ್ಸಿ ಜಾರಿನಲ್ಲಿ ಇದ್ದದ್ದು ಬರೀ ಬಾಳೆಹಣ್ಣು. ಹಾಲಿಲ್ಲ, ಕೆನೆಯಿಲ್ಲ, ಸಕ್ಕರೆಯಿಲ್ಲ, ಎಸೆನ್ಸ್ ಇಲ್ಲ. ಹಿಂದಿನ ದಿನ ಬಿಲ್ಲೆಬಿಲ್ಲೆಯಾಗಿ ಹೆಚ್ಚಿ ಫ್ರೀಜರಿಗೆ ಸೇರಿಸಿದ್ದ ಏಲಕ್ಕಿ ಬಾಳೆ, ಅಷ್ಟೇ. ಗುಂಡಿ ತಿರುಗಿಸಿದ ಕೂಡಲೇ ಕಟಕಟ ಸದ್ದು. ಆಮೇಲೆ ಹಣ್ಣು ಉಪ್ಪಿಟ್ಟಿನ ರವೆಯ ಹಾಗೆ ಉದುರುದುರಾಗಿ ಜಾರಿನ ಗೋಡೆಗೆ ಅಂಟಿ ಕೂತಿತು. "ಕೆಟ್ಟೋಯ್ತು ಬಿಡಿ ಅತ್ತೆ" ಎಂದು ಪಕ್ಕದಲ್ಲಿದ್ದ ಪುಟಾಣಿ ತಜ್ಞರೊಬ್ಬರು ತೀರ್ಪು ಕೊಟ್ಟೂ ಆಯಿತು. ಚಮಚದಲ್ಲಿ ಗೋಡೆ ಕೆರೆದು ಮತ್ತೊಂದು ಸುತ್ತು. ಮತ್ತೆ ಕೆರೆದು ಇನ್ನೊಂದು ಸುತ್ತು. ಆಗ ಆಯಿತು ನೋಡಿ! ಬಿಡಿಬಿಡಿಯಾಗಿದ್ದದ್ದೆಲ್ಲ ಒಂದೇ ಗಳಿಗೆಯಲ್ಲಿ ಕೂಡಿಕೊಂಡು, ನುಣ್ಣಗೆ, ಮಂದವಾಗಿ, ಹೊಳೆಯುತ್ತ, ಬ್ಲೇಡಿನ ಸುತ್ತ ಮಡಿಕೆಮಡಿಕೆಯಾಗಿ ಮಗುಚಿಕೊಳ್ಳತೊಡಗಿತು. ಐಸ್ ಕ್ರೀಂ! ಅಂಗಡಿಯಿಂದ ತಂದದ್ದೆಂದು ಸುಳ್ಳು ಹೇಳಿದರೂ ನಂಬುವಷ್ಟು ಐಸ್ ಕ್ರೀಂ!

ಊರು ಜಿನನಾಥಪುರ. ಶ್ರವಣಬೆಳಗೊಳದ ಚಿಕ್ಕಬೆಟ್ಟವನ್ನು ಬಳಸಿಕೊಂಡು ಉತ್ತರಕ್ಕೆ ಬಂದರೆ ಸಿಗುವ ಹಳ್ಳಿ. ಗೊಮ್ಮಟನನ್ನು ನೋಡಲು ಬರುವ ಬಸ್ಸುಗಳಲ್ಲಿ ಹೆಚ್ಚಿನವು ಈ ಕಡೆ ತಿರುಗುವುದೇ ಇಲ್ಲ. ತಿರುಗಿದವರಿಗೆ 1200ರ ಸುಮಾರಿಗೆ ರೇಚಣ ದಂಡನಾಯಕ ಕಟ್ಟಿಸಿದ ಶಾಂತಿನಾಥ ಬಸದಿ ಸಿಗುತ್ತದೆ; ಸುತ್ತಮುತ್ತಲ ಬಸದಿಗಳೆಲ್ಲ ಹೊರಗೋಡೆಯಲ್ಲಿ ಸರಳವಾಗಿದ್ದರೆ ಇದೊಂದರ ಗೋಡೆಯ ತುಂಬ ಜಿನರು, ಯಕ್ಷಯಕ್ಷಿಯರು, ಕುಣಿಯುವವರು, ಬಾರಿಸುವವರು. ಊರು ಅದಕ್ಕಿಂತ ಹಳೆಯದು. ವಿಷ್ಣುವರ್ಧನನ ದಂಡನಾಯಕ ಗಂಗರಾಜ 1117ರ ಸುಮಾರಿಗೆ ಕಟ್ಟಿಸಿದ್ದು. ಏಪ್ರಿಲ್ ಬಂತೆಂದರೆ ಮಾತ್ರ ಇತಿಹಾಸ ಕೇಳುವವರಿಲ್ಲ. ಹಗಲೆಲ್ಲ ಕಾದ ಬಂಡೆ ಸಂಜೆಯಾದರೂ ಬಿಸಿ ಉಗುಳುತ್ತಿರುತ್ತದೆ, ಶಾಲೆಗೆ ರಜೆ, ಮನೆತುಂಬ ಬೆಂಗಳೂರು ಮೈಸೂರಿನಿಂದ ಬಂದ ಮೊಮ್ಮಕ್ಕಳು, ಎಲ್ಲರ ಬಾಯಲ್ಲೂ ಒಂದೇ ಜಪ: ಐಸ್, ಐಸ್, ಐಸ್.

ಬಾಳೆಹಣ್ಣಿಗೆ ಈ ಮಾಯೆ ಎಲ್ಲಿಂದ ಬಂತು? ಕಲ್ಲಂಗಡಿಯನ್ನು ಹೀಗೇ ಗಟ್ಟಿ ಮಾಡಿ ಅರೆದು ನೋಡಿ, ಕೆನೆಯ ಗುರುತೂ ಸಿಗದು. ಸಿಗುವುದು ಕೆಂಪು ಹಿಮದ ಪುಡಿ. ಕಲ್ಲಂಗಡಿಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಮೇಲೆ ನೀರು. ಬಾಳೆಯಲ್ಲಿ ಮುಕ್ಕಾಲು ಪಾಲು ಮಾತ್ರ. ಉಳಿದ ಕಾಲು ಪಾಲಿನಲ್ಲಿದೆ ಗುಟ್ಟು. ಕಾಯಿಯಲ್ಲಿ ಹಿಟ್ಟಾಗಿದ್ದದ್ದು ಹಣ್ಣಾಗುತ್ತ ಸಕ್ಕರೆಯಾಗಿರುತ್ತದೆ, ಜೊತೆಗೆ ಪೆಕ್ಟಿನ್ ಇರುತ್ತದೆ. ಜಾಮ್ ಗಟ್ಟಿಯಾಗುವುದು ಇದೇ ಪೆಕ್ಟಿನ್‌ನಿಂದ. ನೀರು ಹರಳುಗಟ್ಟಲು ಹೊರಟರೆ ಇವೆರಡೂ ಅಡ್ಡ ನಿಲ್ಲುತ್ತವೆ. ಹರಳು ಹುಟ್ಟುತ್ತದೆ, ಆದರೆ ಬೆಳೆಯಲು ಜಾಗ ಸಿಗುವುದಿಲ್ಲ. ಚಿಕ್ಕದಾಗಿಯೇ ಉಳಿಯುತ್ತದೆ. ಮಿಕ್ಸಿ ಅದನ್ನು ಇನ್ನೂ ಚಿಕ್ಕದು ಮಾಡಿ, ನಡುನಡುವೆ ಒಂದಿಷ್ಟು ಗಾಳಿಯನ್ನೂ ಸೇರಿಸುತ್ತದೆ. ನಾಲಿಗೆಗೆ ಗುರುತು ಸಿಗದಷ್ಟು ಸಣ್ಣ ಹರಳು, ಸುತ್ತ ಸಿಹಿಯಾದ ಅಂಟು, ಒಳಗೆ ಗಾಳಿ. ದೊಡ್ಡ ಕಾರ್ಖಾನೆಗಳು ಕೆನೆ, ಸಕ್ಕರೆ, ಗೋಂದು ಎಲ್ಲ ಬೆರೆಸಿ ಮಾಡುವ ಕೆಲಸವನ್ನು ಒಂದು ಹಣ್ಣು ತಾನೊಂದೇ ಮಾಡಿ ಮುಗಿಸಿದೆ! ಸಂತೆಯಲ್ಲಿ ಚುಕ್ಕೆ ಬಿದ್ದಿದೆ ಎಂದು ಪಕ್ಕಕ್ಕೆ ಸರಿಸುತ್ತೇವಲ್ಲ, ಆ ಹಣ್ಣೇ ಇದಕ್ಕೆ ಶ್ರೇಷ್ಠ. ಚುಕ್ಕೆ ಬಿದ್ದಷ್ಟೂ ಸಕ್ಕರೆ ಹೆಚ್ಚು, ನುಣುಪು ಹೆಚ್ಚು. ಸಿಪ್ಪೆ ಸುಲಿದೇ ಫ್ರೀಜರಿಗೆ ಇಡಬೇಕು ಎನ್ನುವುದೊಂದು ನೆನಪಿರಲಿ. ಸಿಪ್ಪೆ ಸಮೇತ ಗಟ್ಟಿಯಾದ ಬಾಳೆಯನ್ನು ಬಿಡಿಸುವುದು ಭೀಮನಿಗೂ ಕಷ್ಟ.

ಇಲ್ಲಿಂದ ಶುರುವಾಯಿತು ನೋಡಿ ಹುಚ್ಚು. ಬಾಳೆಯೊಳಗೇ ಇಷ್ಟೊಂದಿದ್ದರೆ ಸಪೋಟದಲ್ಲಿ? ಪಪ್ಪಾಯಿಯಲ್ಲಿ? ಹಲಸಿನ ತೊಳೆಯಲ್ಲಿ? ಮಕ್ಕಳು ಮನೆಯ ಹಣ್ಣಿನ ಬುಟ್ಟಿಯನ್ನು ಹಾಗೆ ನೋಡುವುದನ್ನು ನಾನು ಮೊದಲು ಕಂಡಿರಲಿಲ್ಲ. ತಟ್ಟೆಯಲ್ಲಿಟ್ಟು ಕೊಟ್ಟರೆ ಮೂಗು ಮುರಿಯುವ ಪಪ್ಪಾಯಿಗೆ ಫ್ರೀಜರಿನಲ್ಲಿ ಜಾಗ ಬೇಕೆಂದು ಜಗಳ!

ಚನ್ನರಾಯಪಟ್ಟಣ ಸೀಮೆ ಎಂದರೆ ತೆಂಗು. ಮನೆ ಹಿತ್ತಿಲಲ್ಲೇ ತೆಂಗಿರುವಾಗ ಕ್ಯಾಂಡಿಗೆ ಅಚ್ಚು ಹುಡುಕಬೇಕಾದ ಗತಿ ಯಾಕೆ? ಒಡೆದು ಕಾಯಿ ತುರಿದಿಟ್ಟ ಕರಟವಿದೆಯಲ್ಲ! ನಾರು ಹೆರೆದು, ತೊಳೆದು, ಕುದಿಯುವ ನೀರಲ್ಲಿ ಅದ್ದಿ ತೆಗೆದರೆ ಬಟ್ಟಲು ಸಿದ್ಧ. ಎಳನೀರನ್ನು ಅದಕ್ಕೆ ಸುರಿದು, ಎಳನೀರಿನ ಗಂಜಿಯನ್ನು ಚಿಕ್ಕದಾಗಿ ಹೆಚ್ಚಿ ತೇಲಿಬಿಟ್ಟು, ಎರಡು ಹನಿ ನಿಂಬೆರಸ ಹಿಂಡಿ ಇಟ್ಟರೆ ಬೆಳಗಿನ ಹೊತ್ತಿಗೆ ಅರೆಪಾರದರ್ಶಕ ಗಟ್ಟಿಯೊಳಗೆ ಬಿಳಿ ಗಂಜಿ ಸಿಕ್ಕಿಬಿದ್ದಿರುತ್ತದೆ. ಬೆಳಕಿಗೆ ಹಿಡಿದು ನೋಡಿದ ಹುಡುಗಿ ತಿನ್ನುವುದನ್ನೇ ಮರೆತಳು. ಕಡ್ಡಿ ಚುಚ್ಚಿದ ಕ್ಯಾಂಡಿ ಬೇಕೆಂದರೆ ಸ್ಟೀಲ್ ಲೋಟವೇ ಸೈ. ಲೋಟವನ್ನು ತುಂಬಿಸಿ ಬಿಡಬೇಡಿ, ಮೇಲೆ ಒಂದು ಬೆರಳಷ್ಟು ಖಾಲಿ ಇರಲಿ. ನೀರು ಗಟ್ಟಿಯಾಗುವಾಗ ಸುಮಾರು ಶೇ. 9ರಷ್ಟು ಉಬ್ಬುತ್ತದೆ. ಜಗತ್ತಿನ ಬಹುತೇಕ ವಸ್ತುಗಳು ಗಟ್ಟಿಯಾದರೆ ಕುಗ್ಗುತ್ತವೆ, ನೀರಾದರೋ ಹಿಗ್ಗುತ್ತದೆ! ಲೋಟದ ಅಂಚಿಗೆ ಸ್ಕೆಚ್ ಪೆನ್ನಿನಲ್ಲಿ ಗೆರೆ ಹಾಕಿಟ್ಟ ಮಕ್ಕಳಿಗೆ ಬೆಳಿಗ್ಗೆ ಗೆರೆ ದಾಟಿ ನಿಂತ ಐಸು ಕಂಡಿತು. ಇದನ್ನು ಹೇಳಿಕೊಡಲು ಯಾವ ಪಾಠಪುಸ್ತಕ ಬೇಕು? ಕಡ್ಡಿಯನ್ನು ಮೊದಲೇ ಚುಚ್ಚಿದರೆ ವಾಲುತ್ತದೆ. ಒಂದು ಗಂಟೆ ಕಳೆದು ಕೆಸರಿನ ಹದಕ್ಕೆ ಬಂದಾಗ ಚುಚ್ಚಬೇಕು. ಅಂಗಡಿಯಲ್ಲಿ ಸಿಗುವ ಅಗಲ ತುದಿಯ ಮರದ ಕಡ್ಡಿಯೇ ಆಗಲಿ. ತೆಂಗಿನ ಗರಿಯ ಕಡ್ಡಿ ಚೂಪು, ಬೇಡ. ಹೊರತೆಗೆಯುವಾಗ ಲೋಟದ ಹೊರಮೈಯನ್ನು ತಣ್ಣೀರಲ್ಲಿ ಅದ್ದಿ ಎತ್ತಿದರೆ ಕ್ಯಾಂಡಿ ತಾನಾಗಿ ಜಾರಿ ಬರುತ್ತದೆ. ಫ್ರೀಜರಿಂದ ಆಗಷ್ಟೇ ತೆಗೆದ ಸ್ಟೀಲನ್ನು ನೆಕ್ಕಲು ಹೊರಟ ನಾಲಿಗೆ ಅಲ್ಲೇ ಅಂಟಿಕೊಳ್ಳುತ್ತದೆ ಎಂದು ಮಕ್ಕಳಿಗೆ ಮೊದಲೇ ಹೇಳಿಡಿ. ಹೇಳಿದ ಮೇಲೂ ಒಬ್ಬರು ಪರೀಕ್ಷೆ ಮಾಡುತ್ತಾರೆ, ಅದು ಬೇರೆ ಮಾತು.

ಈಗ ಬರುವುದು ನನ್ನನ್ನು ದಂಗುಬಡಿಸಿದ ಸಂಗತಿ. ಕಲ್ಲಂಗಡಿ ರಸದ ಕ್ಯಾಂಡಿಯನ್ನು ಒಬ್ಬ ಹುಡುಗ ಚೀಪಿ ಚೀಪಿ ಕೈಯಲ್ಲಿ ಹಿಡಿದು ಬಂದ. ತುದಿ ಬೆಳ್ಳಗಾಗಿಬಿಟ್ಟಿತ್ತು! ಬಣ್ಣವೆಲ್ಲ ಹೋಗಿ, ರುಚಿಯೂ ಹೋಗಿ, ಬರೀ ಐಸು. ಸೈಕಲ್ಲಿನ ಡಬ್ಬದಿಂದ ಕೊಂಡ ಐಸ್ ಕ್ಯಾಂಡಿಯಲ್ಲಿ ನಾವೆಲ್ಲ ಕಂಡದ್ದೇ ಇದು, ಕಾರಣ ಕೇಳಿದವರು ಯಾರು? ನೀರು ಹರಳಾಗುವಾಗ ತನ್ನ ಜಾತಿಯ ಕಣಗಳನ್ನು ಮಾತ್ರ ಸಾಲಿಗೆ ಸೇರಿಸಿಕೊಳ್ಳುತ್ತದೆ. ಸಕ್ಕರೆ, ಹುಳಿ, ಬಣ್ಣ ಯಾವುದಕ್ಕೂ ಅಲ್ಲಿ ಪ್ರವೇಶವಿಲ್ಲ. ಅವನ್ನೆಲ್ಲ ಹೊರಗೆ ತಳ್ಳುತ್ತ ತಳ್ಳುತ್ತ ಹರಳು ಬೆಳೆಯುತ್ತದೆ. ತಳ್ಳಿಸಿಕೊಂಡವು ಹರಳುಗಳ ಸಂದಿಯಲ್ಲಿ ಇನ್ನೂ ಗಟ್ಟಿಯಾಗದ, ಬಲು ಸಿಹಿಯಾದ ಪಾಕವಾಗಿ ಉಳಿಯುತ್ತವೆ. ಚೀಪಿದಾಗ ಬಾಯಿಗೆ ಬರುವುದು ಆ ಪಾಕ. ಹಿಂದೆ ಉಳಿಯುವುದು ಬೋಳು ಐಸು. ಅಂದರೆ ಫ್ರೀಜರಿನಲ್ಲಿಟ್ಟ ಒಂದು ಕ್ಯಾಂಡಿಯೊಳಗೆ ಪೂರ್ತಿ ಗಟ್ಟಿಯಾದದ್ದೂ ಇದೆ, ದ್ರವವೂ ಇದೆ, ಎರಡೂ ಒಟ್ಟಿಗೆ! ಸಕ್ಕರೆ ಇದ್ದರೆ ನೀರು ಸೊನ್ನೆ ಡಿಗ್ರಿಗೆ ಗಟ್ಟಿಯಾಗುವುದಿಲ್ಲ, ಇನ್ನೂ ಕೆಳಗೆ ಇಳಿಯಬೇಕು. ಸಪ್ಪೆ ನೀರಿನ ಐಸು ಹಲ್ಲು ಮುರಿಯುವಷ್ಟು ಗಡಸು. ಸಿಹಿ ಇದ್ದದ್ದು ಕಚ್ಚಿದರೆ ಕಚ್ಚಿಸಿಕೊಳ್ಳುತ್ತದೆ. ಅಂಗಡಿಯವರು ಸಕ್ಕರೆ ಸುರಿಯುವುದು ರುಚಿಗಷ್ಟೇ ಅಲ್ಲ, ಮೆತ್ತಗಿರಲಿ ಎಂದೂ ಹೌದು.

ಇನ್ನೂ ಒಂದು ಕಾರಣವಿದೆ. ತಣ್ಣಗಿನ ನಾಲಿಗೆಗೆ ಸಿಹಿ ಸರಿಯಾಗಿ ತಿಳಿಯುವುದಿಲ್ಲ. ಕರಗಿಹೋದ ಐಸ್ ಕ್ರೀಮನ್ನು ಕುಡಿದು ನೋಡಿದವರಿಗೆ ಗೊತ್ತು, ಗಂಟಲು ಕಟ್ಟುವಷ್ಟು ಸಿಹಿ. ಅದೇ ಸಿಹಿ ಗಟ್ಟಿಯಾಗಿದ್ದಾಗ ಹಿತವಾಗಿತ್ತು! ಹಾಗಾಗಿ ಮನೆಯಲ್ಲಿ ಮಾಡುವವರಿಗೆ ಒಂದೇ ಸೂತ್ರ: ಹಣ್ಣು ಕಳಿತಿರಬೇಕು. ತಟ್ಟೆಯಲ್ಲಿ ತಿಂದಾಗ "ಸಾಕಪ್ಪ ಸಿಹಿ" ಅನ್ನಿಸುವಷ್ಟು ಕಳಿತ ಹಣ್ಣು ಕ್ಯಾಂಡಿಯಲ್ಲಿ ಹದವಾಗಿರುತ್ತದೆ. ಅರೆಗಾಯಿ ಹಾಕಿ ಆಮೇಲೆ ಸಕ್ಕರೆಗೆ ಕೈ ಚಾಚುವುದು ಬೇಡ. ಚಿಟಿಕೆ ಉಪ್ಪು, ನಾಲ್ಕು ಹನಿ ನಿಂಬೆ ಸಾಕು, ರುಚಿ ಎದ್ದು ನಿಲ್ಲುತ್ತದೆ.

ಹಣ್ಣನ್ನು ನಂಬಿ ದೊಡ್ಡವರಾದ ಕನ್ನಡನಾಡಿನವರೊಬ್ಬರ ಕಥೆ ಇಲ್ಲಿ ಬರಲೇಬೇಕು. ದಕ್ಷಿಣ ಕನ್ನಡದ ಮುಲ್ಕಿ ಕಡೆಯ ರಘುನಂದನ್ ಕಾಮತ್. ತಂದೆ ಹಣ್ಣಿನ ವ್ಯಾಪಾರಿ. ಯಾವ ಹಣ್ಣು ಹದವಾಗಿದೆ, ಯಾವುದಕ್ಕೆ ಇನ್ನೂ ಎರಡು ದಿನ ಬೇಕು ಎನ್ನುವುದನ್ನು ಮನೆಯಲ್ಲೇ ಕಲಿತ ಹುಡುಗ ಮುಂಬೈಗೆ ಹೋಗಿ ಅಣ್ಣನ ಹೋಟೆಲಿನಲ್ಲಿ ದುಡಿದ. 1984ರ ಫೆಬ್ರುವರಿ 14ರಂದು ಜುಹೂನಲ್ಲಿ ನ್ಯಾಚುರಲ್ಸ್ ಎಂಬ ತನ್ನದೇ ಅಂಗಡಿ ತೆರೆದ. ಬರೀ ಐಸ್ ಕ್ರೀಂ ತಿನ್ನಲು ಜನ ಬರುತ್ತಾರೋ ಇಲ್ಲವೋ ಎಂದು ಪಕ್ಕದಲ್ಲಿ ಪಾವ್ ಭಾಜಿಯನ್ನೂ ಇಟ್ಟಿದ್ದರಂತೆ! ಖಾರ ತಿಂದವರು ತಂಪಿಗೆ ತಿರುಗಿದರು. ಹಣ್ಣು, ಹಾಲು, ಸಕ್ಕರೆ, ಇಷ್ಟರಲ್ಲೇ ಆಟ. ಸೀತಾಫಲ, ಎಳನೀರು, ಹಲಸು ಐಸ್ ಕ್ರೀಂ ಆಗಬಹುದೆಂದು ಮುಂಬೈಗೆ ತೋರಿಸಿಕೊಟ್ಟ ಆ ನ್ಯಾಚುರಲ್ಸ್ ಮುಂದೆ ದೇಶದ ಊರೂರಿಗೆ ಹೋಯಿತು. 2024ರ ಮೇ ತಿಂಗಳಲ್ಲಿ ಕಾಮತರು ತೀರಿಕೊಂಡಾಗ ಪತ್ರಿಕೆಗಳು ಅವರನ್ನು ಐಸ್ ಕ್ರೀಂ ಮನುಷ್ಯ ಎಂದು ಬರೆದವು. ನನಗೆ ಅವರು ಹಣ್ಣಿನ ಮನುಷ್ಯ. ಮೂಸಿ ನೋಡಿ ಹದ ಹೇಳುವ ಆ ವಿದ್ಯೆ ನಮ್ಮ ಮಕ್ಕಳಿಗೂ ಬರಲಿ ಎಂಬ ಆಸೆಯಿಂದಲೇ ಸಂತೆಗೆ ಅವರನ್ನು ಜೊತೆಗೆ ಕರೆದುಕೊಂಡು ಹೋಗುತ್ತೇನೆ.

ಕ್ಯಾಂಡಿಯನ್ನು ಜಗತ್ತಿಗೆ ಕೊಟ್ಟವನೇ ಒಬ್ಬ ಹುಡುಗ ಎಂದರೆ ನಂಬುತ್ತೀರಾ? 1905, ಅಮೆರಿಕದ ಕ್ಯಾಲಿಫೋರ್ನಿಯಾ. ಫ್ರಾಂಕ್ ಎಪರ್ಸನ್ ಎಂಬ ಹನ್ನೊಂದರ ಪೋರ ಸೋಡಾ ಪುಡಿಯನ್ನು ನೀರಿಗೆ ಬೆರೆಸಿ, ಕಲಕಿದ ಕಡ್ಡಿಯನ್ನು ಲೋಟದಲ್ಲೇ ಬಿಟ್ಟು, ಲೋಟವನ್ನು ಜಗಲಿಯಲ್ಲೇ ಮರೆತು ಮಲಗಿದ. ರಾತ್ರಿ ಕೊರೆಯುವ ಚಳಿ. ಬೆಳಿಗ್ಗೆ ನೋಡಿದರೆ ಕಡ್ಡಿ ಹಿಡಿದು ಎತ್ತಬಹುದಾದ ತಿಂಡಿ! ಅದಕ್ಕೆ ಪೇಟೆಂಟ್ ಸಿಕ್ಕಿದ್ದು 1924ರಲ್ಲಿ, ಅಷ್ಟೊತ್ತಿಗೆ ಅವನಿಗೇ ಮಕ್ಕಳಿದ್ದರು. ಪಾಪ್ಸಿಕಲ್ ಎಂಬ ಹೆಸರು ಆ ಮಕ್ಕಳು ಇಟ್ಟದ್ದು. ಜಿನನಾಥಪುರದ ಪಡಸಾಲೆಯಲ್ಲಿ ಈ ಕಥೆ ಹೇಳಿದ್ದೇ ತಪ್ಪಾಯಿತೋ ಏನೋ, ಆ ರಾತ್ರಿ ನಮ್ಮ ಜಗಲಿಯ ಮೇಲೂ ಮೂರು ಲೋಟ ಕೂತಿದ್ದವು. ಏಪ್ರಿಲ್ ತಿಂಗಳ ಹಾಸನ ಜಿಲ್ಲೆಯಲ್ಲಿ!

ಈ ಊರಿಗೂ ಐಸಿಗೂ ಇರುವ ಇನ್ನೊಂದು ನಂಟು ತಿಳಿದಾಗ ನಾನು ಕೂತಲ್ಲಿಂದ ಎದ್ದೆ. ಜೈನ ಆಚಾರದಲ್ಲಿ ತಿನ್ನಬಾರದ ಇಪ್ಪತ್ತೆರಡು ಅಭಕ್ಷ್ಯಗಳ ಪಟ್ಟಿಯೊಂದಿದೆ. ಮಾಂಸ, ಮದ್ಯ, ಜೇನು ಅದರಲ್ಲಿವೆ ಎಂದರೆ ಯಾರಿಗೂ ಆಶ್ಚರ್ಯವಿಲ್ಲ. ಅದೇ ಪಟ್ಟಿಯಲ್ಲಿ ಆಲಿಕಲ್ಲೂ ಇದೆ! ಫ್ರಿಜ್ಜಿನ ಕನಸೂ ಬೀಳದಿದ್ದ ಕಾಲದಲ್ಲಿ, ಆಕಾಶದಿಂದ ಬಿದ್ದ ಐಸನ್ನು ಬಾಯಿಗೆ ಹಾಕಿಕೊಳ್ಳಬೇಡಿ ಎಂದವರು ಎಷ್ಟು ಸೂಕ್ಷ್ಮವಾಗಿ ಯೋಚಿಸಿರಬೇಕು. ನೀರಿಗೂ ಜೀವವಿದೆ, ಬೇಡದೆ ಅದಕ್ಕೆ ಹಿಂಸೆ ಕೊಡಬಾರದು ಎಂಬ ಎಣಿಕೆ. ವ್ರತ ಹಿಡಿದ ಹಿರಿಯರು ಹೀಗಾಗಿ ನಮ್ಮ ಕ್ಯಾಂಡಿಯ ಹತ್ತಿರಕ್ಕೂ ಬರುವುದಿಲ್ಲ, ಅವರ ಕಟ್ಟು ಅವರದು. ಸೂರ್ಯ ಮುಳುಗಿದ ಮೇಲೆ ಉಣ್ಣದ ಮನೆಗಳಲ್ಲಿ ಐಸ್ ಕ್ರೀಂ ತಿನ್ನುವುದೂ ಸಂಜೆಯೊಳಗೇ. ಆದರೆ ಅಡುಗೆಮನೆಯ ಇತರ ಕಟ್ಟುಗಳು ನಮಗೆ ಮಾಡಿದ ಉಪಕಾರ ನೋಡಿ! ಪರದೇಶದ ಪಾಕವಿಧಾನಗಳೆಲ್ಲ ಜೇನು ಸುರಿಯಿರಿ, ಜೆಲಟಿನ್ ಹಾಕಿರಿ ಎನ್ನುತ್ತವೆ. ಜೆಲಟಿನ್ ಎಂದರೆ ದನ ಹಂದಿಗಳ ಮೂಳೆ ಚರ್ಮದಿಂದ ತೆಗೆದದ್ದು, ಇಲ್ಲಿ ನಡೆಯದು. ಎರಡೂ ಇಲ್ಲದೆ ಮಾಡಿ ನೋಡಿದಾಗಲೇ ಅವೆರಡೂ ಬೇಕಿರಲಿಲ್ಲ ಎಂದು ಗೊತ್ತಾದದ್ದು. ಬಾಳೆ ಕಟ್ಟಿಕೊಡುತ್ತದೆ, ಕಾಯಿಹಾಲು ಮೆತ್ತಗೆ ಇಡುತ್ತದೆ. ನೀರನ್ನು ಬಟ್ಟೆಯಲ್ಲಿ ಸೋಸಿ ಕುದಿಸಿ ಆರಿಸಿ ಬಳಸುವ ರೂಢಿ ಇಲ್ಲಿ ಹಳೆಯದು. ಕ್ಯಾಂಡಿಗೆ ಬೇಕಾದದ್ದೂ ಸರಿಯಾಗಿ ಅದೇ. ಫ್ರೀಜರಿಗೆ ಇಟ್ಟರೆ ರೋಗಾಣು ಸಾಯುತ್ತದೆ ಎಂದುಕೊಂಡವರಿದ್ದಾರೆ. ಸಾಯುವುದಿಲ್ಲ, ಬಹುಪಾಲು ಸುಮ್ಮನೆ ಮಲಗಿರುತ್ತವೆ. ಹೋದ ನೀರು ಒಳ್ಳೆಯದಾಗಿದ್ದರೆ ಮಾತ್ರ ಬರುವ ಐಸು ಒಳ್ಳೆಯದು.

ಹಣ್ಣು, ಹಾಲು, ಮಕ್ಕಳು, ಇವೆಲ್ಲ ಈ ಬೆಟ್ಟಗಳ ಸುತ್ತ ಎಷ್ಟು ಕಾಲದಿಂದ ಸುತ್ತಾಡುತ್ತಿವೆ ಗೊತ್ತೇ? ಬೆಳಗೊಳದ ಯಕ್ಷಿ ಕೂಷ್ಮಾಂಡಿನಿಯನ್ನು ಜೈನ ಶಿಲ್ಪಿಗಳು ಕಂಡರಿಸುವಾಗ ಕೈಗೆ ಮಾವಿನ ಗೊಂಚಲು ಕೊಡುತ್ತಾರೆ, ಪಕ್ಕಕ್ಕೆ ಮಗುವನ್ನು ನಿಲ್ಲಿಸುತ್ತಾರೆ. ಆಕೆಯೇ ಗುಳ್ಳಕಾಯಜ್ಜಿಯಾಗಿ ಬಂದಳಂತೆ ಎಂಬ ಕಥೆ ಇಲ್ಲಿನ ಎಲ್ಲ ಮಕ್ಕಳಿಗೂ ಗೊತ್ತು. ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಅಭಿಷೇಕಕ್ಕೆ ಸುರಿದ ಕೊಡಗಟ್ಟಲೆ ಹಾಲು ಮೂರ್ತಿಯ ಸೊಂಟದಿಂದ ಕೆಳಗಿಳಿಯಲಿಲ್ಲ, ಅಜ್ಜಿ ಒಂದು ಗುಳ್ಳಕಾಯಿಯ ಓಡಿನಲ್ಲಿ ತಂದ ಹಾಲು ಪಾದದವರೆಗೂ ಹರಿಯಿತು. ಕಾಯಿಯೇ ಬಟ್ಟಲು! ಕಿತ್ತಳೆಯ ಅರ್ಧ ಸಿಪ್ಪೆಯಲ್ಲಿ ಕಿತ್ತಳೆಯದೇ ರಸ ತುಂಬಿ ಗಟ್ಟಿ ಮಾಡಿಕೊಟ್ಟಾಗ "ಇದು ಗುಳ್ಳಕಾಯಜ್ಜಿ ಐಸು" ಎಂದಳು ಮನೆಯ ಚಿಕ್ಕವಳು. ಹೆಸರು ಅದೇ ಉಳಿಯಿತು. 2018ರ ಮಹಾಮಸ್ತಕಾಭಿಷೇಕದಲ್ಲಿ ಗೊಮ್ಮಟನ ಮೇಲೆ ಇಳಿದ ಎಳನೀರು, ಕಬ್ಬಿನ ಹಾಲು, ಹಾಲು ಇವುಗಳ ಧಾರೆಯನ್ನು ಟಿ.ವಿ.ಯಲ್ಲಿ ನೋಡಿದ ದೊಡ್ಡ ಹುಡುಗನಿಗೆ ಕಬ್ಬಿನ ಹಾಲನ್ನೂ ಕ್ಯಾಂಡಿ ಮಾಡುವ ಯೋಚನೆ ಬಂತು. ಶುಂಠಿ ನಿಂಬೆ ಹಿಂಡಿ ಮಾಡಿದೆವು. ಭರ್ತಿ ಸಿಹಿ, ಭರ್ತಿ ಮೆತ್ತಗೆ, ರುಚಿಗೆ ನೂರಕ್ಕೆ ನೂರು, ಆದರೆ ಇದನ್ನು ಹಣ್ಣಿನ ಲೆಕ್ಕಕ್ಕೆ ಸೇರಿಸಲಾರೆ.

ಯಾಕೆಂದರೆ ಸಕ್ಕರೆಯ ಲೆಕ್ಕ ಬೇರೆ ಇದೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು: ದಿನದ ಒಟ್ಟು ಕ್ಯಾಲೊರಿಯಲ್ಲಿ ಬಿಡಿ ಸಕ್ಕರೆಯ ಪಾಲು ಶೇ. 10ರೊಳಗೆ ಇರಲಿ, ಶೇ. 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು. 1,500 ಕ್ಯಾಲೊರಿ ಉಣ್ಣುವ ಮಗುವಿಗೆ ಶೇ. 5 ಎಂದರೆ ಹತ್ತೊಂಬತ್ತು ಗ್ರಾಂ ಆಸುಪಾಸು, ನಾಲ್ಕೈದು ಟೀ ಚಮಚ. ಸೋಸಿ ತೆಗೆದ ಹಣ್ಣಿನ ರಸದ ಸಕ್ಕರೆಯೂ, ಜೇನೂ ಈ ಲೆಕ್ಕಕ್ಕೇ ಬರುತ್ತವೆ. ಇಡೀ ಹಣ್ಣಿನದ್ದು ಬರುವುದಿಲ್ಲ. ಹಾಗಾಗಿ ರಸ ಸೋಸಿ ನಾರು ಬಿಸಾಡುವ ಬದಲು ತಿರುಳು ಸಮೇತ ಅರೆಯುವುದು ಮೇಲು, ತುಂಡುತುಂಡಾಗಿಯೇ ಗಟ್ಟಿ ಮಾಡುವುದು ಇನ್ನೂ ಮೇಲು. ಬೆಲ್ಲವಾದರೆ ಪರವಾಗಿಲ್ಲ ಎನ್ನುವ ನಮ್ಮ ಹಳೆಯ ಸಮಾಧಾನಕ್ಕೆ ಇಲ್ಲಿ ಜಾಗವಿಲ್ಲ. ಬೆಲ್ಲವೂ ಸಕ್ಕರೆಯೇ, ಒಂದಿಷ್ಟು ಪರಿಮಳ ಹೆಚ್ಚು. ರಸಾಯನಕ್ಕೆ ಒಂದು ಚಮಚ ಬೆಲ್ಲ ಬಿದ್ದರೆ ಬೀಳಲಿ. ರಸಾಯನ! ಈ ಪದಾರ್ಥವನ್ನು ಫ್ರೀಜರಿಗೆ ಇಡಬೇಕೆಂದು ನಮಗೆ ಇಷ್ಟು ವರ್ಷ ಯಾಕೆ ಹೊಳೆಯಲಿಲ್ಲ? ಬಾಳೆಹಣ್ಣು, ಕಾಯಿಹಾಲು, ಏಲಕ್ಕಿ, ಒಂದು ತುಣುಕು ಬೆಲ್ಲ, ಮೇಲೆ ಹುರಿದ ಎಳ್ಳು. ಹಬ್ಬದ ಊಟಕ್ಕೆ ಮಾಡಿ ಉಳಿದದ್ದನ್ನು ಲೋಟಕ್ಕೆ ಸುರಿದು ಇಟ್ಟದ್ದಷ್ಟೇ ನಮ್ಮ ಕೆಲಸ. ಕಾಯಿಹಾಲಿನ ಕೊಬ್ಬು, ಬಾಳೆಯ ಪೆಕ್ಟಿನ್, ಬೆಲ್ಲದ ಸಕ್ಕರೆ ಮೂರೂ ಸೇರಿ ಅದನ್ನು ಕುಲ್ಫಿಯ ಹದಕ್ಕೆ ತಂದಿಟ್ಟಿದ್ದವು. ಮಾಡಿದ್ದರಲ್ಲೆಲ್ಲ ಇದೇ ಮೊದಲ ಸ್ಥಾನ, ನನ್ನ ಮಟ್ಟಿಗೆ ಚರ್ಚೆಯಿಲ್ಲ. ರಾಮನವಮಿಯ ಕರ್ಬೂಜ ಪಾನಕಕ್ಕೆ ಎರಡನೆಯದು.

ಬಣ್ಣದ ವಿಷಯಕ್ಕೆ ಬಂದರೆ, 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಬಾಂಬೆ ಮಿಠಾಯಿಗೆ ಬೆರೆಸುತ್ತಿದ್ದ ರೋಡಮೈನ್-ಬಿ ಮತ್ತು ಗೋಬಿ ಮಂಚೂರಿಯ ಕೃತಕ ಬಣ್ಣಗಳನ್ನು ನಿಷೇಧಿಸಿದಾಗ ಮಕ್ಕಳಿರುವ ಮನೆಗಳಲ್ಲೆಲ್ಲ ಅದೇ ಮಾತು ಎದ್ದಿತ್ತು. ನಾಲಿಗೆಗೆ ಬಣ್ಣ ಹತ್ತಬೇಕೆಂಬುದು ಮಕ್ಕಳ ಹಕ್ಕಾದರೆ ಅದಕ್ಕೆ ನೇರಳೆಹಣ್ಣು ಇದೆಯಲ್ಲ! ಬೀಜ ತೆಗೆದ ನೇರಳೆಯ ತಿರುಳಿಗೆ ನಿಂಬೆ ಹಿಂಡಿ. ಕಣ್ಣೆದುರಿಗೇ ಊದಾ ಹೋಗಿ ಕೆಂಪು! ಬೇರೆ ಲೋಟದಲ್ಲಿ ಅದೇ ರಸಕ್ಕೆ ಚಿಟಿಕೆ ಅಡುಗೆ ಸೋಡ ಉದುರಿಸಿದರೆ ನೀಲಿಗೆ, ಹಸಿರಿಗೆ ತಿರುಗುತ್ತದೆ (ಇದು ನೋಡಲು ಮಾತ್ರ, ಕುಡಿಯಲು ಅಲ್ಲ). ಆಂಥೋಸಯನಿನ್ ಎಂಬ ಬಣ್ಣ ಹುಳಿಗೊಂದು ರೂಪ, ಸೋಡಕ್ಕೊಂದು ರೂಪ ತಾಳುತ್ತದೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಲಿಟ್ಮಸ್ ಕಾಗದ ಅದ್ದಿದ ನೆನಪು ನನಗಿದೆ, ಆದರೆ ಆಗ ಇಷ್ಟು ಕಿರುಚಾಟ ಇರಲಿಲ್ಲ.

ಇಷ್ಟೆಲ್ಲ ನಡೆಯುತ್ತಿರುವಾಗ ಕರೆಂಟು ಹೋಗದಿದ್ದರೆ ಅದು ನಮ್ಮ ಊರೇ ಅಲ್ಲ. ಹೋಯಿತು. ಮಾವಿನ ರಸ ಬೆರೆತ ಮೊಸರು ಪಾತ್ರೆಯಲ್ಲೇ ನಿಂತಿದೆ, ಮಕ್ಕಳ ಮುಖ ಇಳಿದಿದೆ. ಆಗ ನೆನಪಾದದ್ದು ಜಾತ್ರೆಯ ಮಡಕೆ ಕುಲ್ಫಿಯವನು. ಅವನ ಮಡಕೆಗೆ ಯಾವ ಕರೆಂಟಿತ್ತು? ಐಸು ಮತ್ತು ಕಲ್ಲುಪ್ಪು! ಫ್ರಿಜ್ಜಿನಲ್ಲಿದ್ದ ಐಸನ್ನೆಲ್ಲ ದೊಡ್ಡ ಪಾತ್ರೆಗೆ ಒಡೆದು ಹಾಕಿ, ಕಲ್ಲುಪ್ಪು ಸುರಿದು, ನಡುವೆ ಮುಚ್ಚಳ ಬಿಗಿದ ಸ್ಟೀಲ್ ಡಬ್ಬಿಯಲ್ಲಿ ಮಾವಿನ ಮೊಸರನ್ನಿಟ್ಟು ತಿರುಗಿಸಲು ಕೂತೆವು. ಉಪ್ಪು ಬಿದ್ದ ಐಸು ಕರಗತೊಡಗುತ್ತದೆ, ಕರಗಲು ಬೇಕಾದ ಶಾಖವನ್ನು ಸುತ್ತಲಿನದ್ದರಿಂದಲೇ ಕಿತ್ತುಕೊಳ್ಳುತ್ತದೆ. ಹೀಗಾಗಿ ಐಸು ಕರಗುತ್ತಿದ್ದರೂ ತಂಪು ಏರುತ್ತದೆ! ಹದವಾಗಿ ಬೆರೆತರೆ ಮೈನಸ್ 21 ಡಿಗ್ರಿಯವರೆಗೂ ಇಳಿಯಬಲ್ಲುದು. ಮನೆಯ ಒಳ್ಳೆಯ ಫ್ರೀಜರೇ ನಿಲ್ಲುವುದು ಮೈನಸ್ 18ರಲ್ಲಿ. ಪಾತ್ರೆಯ ಹೊರಮೈಯಲ್ಲಿ ಬಿಳಿ ಹಿಮ ಕಟ್ಟಿತು. ಮಕ್ಕಳ ಕೈಗೆ ದಪ್ಪ ಟವೆಲ್ ಕೊಡದೆ ಇದನ್ನು ಮುಟ್ಟಿಸಬೇಡಿ, ಚರ್ಮ ಸುಡುತ್ತದೆ. ಅಕ್ಬರನ ಕಾಲದಲ್ಲಿ ಪೆಟ್ಲುಪ್ಪು ಕರಗಿಸಿದ ನೀರಿನಲ್ಲಿ ಕುಡಿಯುವ ನೀರು ತಣಿಸುತ್ತಿದ್ದ ಸಂಗತಿ ಐನ್-ಇ-ಅಕ್ಬರಿಯಲ್ಲಿದೆ. ಉಪ್ಪು ಬೇರೆ, ಉಪಾಯ ಅದೇ ಮನೆತನದ್ದು. ತಿರುಗಿಸುತ್ತ ತಿರುಗಿಸುತ್ತ, ಸರದಿಗೆ ಕಿತ್ತಾಡುತ್ತ, ಕರೆಂಟು ಬರುವ ಮೊದಲೇ ಡಬ್ಬಿಯೊಳಗೆ ಹಳದಿ ಮಂದ ಗಟ್ಟಿ ಸಿದ್ಧವಾಯಿತು. ಆಡಿಸುತ್ತಲೇ ಇದ್ದುದರಿಂದ ಹರಳು ದೊಡ್ಡದಾಗಲು ಬಿಡುವೇ ಸಿಕ್ಕಿರಲಿಲ್ಲ. ಫ್ರೀಜರಿನಲ್ಲಿ ಸುಮ್ಮನೆ ಇಟ್ಟದ್ದಕ್ಕಿಂತ ಇದೇ ನುಣುಪು! ಹೀಗೆ ಕರೆಂಟು ಹೋಗಿ ಫ್ರೀಜರಿನಲ್ಲಿ ಪೂರ್ತಿ ಕರಗಿದ ಹಾಲು ಮೊಸರಿನ ಕ್ಯಾಂಡಿಯನ್ನು ಮಾತ್ರ ಮತ್ತೆ ಗಟ್ಟಿ ಮಾಡಲು ಹೋಗಬೇಡಿ. ಒಂದು, ಗರಗರ ಹರಳು ಬರುತ್ತದೆ. ಇನ್ನೊಂದು, ಮಲಗಿದ್ದ ರೋಗಾಣುಗಳು ಅಷ್ಟರಲ್ಲಿ ಎದ್ದಿರುತ್ತವೆ.

"ಶೀತ ಆಗುತ್ತೆ, ಸಾಕು ಬನ್ನಿ" ಎಂದು ಒಳಗಿನಿಂದ ಅಜ್ಜಿಯ ದನಿ ಬಂದೇ ಬರುತ್ತದೆ. ನೆಗಡಿ ತರುವುದು ವೈರಾಣು, ಐಸಲ್ಲ ಎಂದು ವೈದ್ಯಶಾಸ್ತ್ರ ಹೇಳುತ್ತದೆ. ಅಜ್ಜಿಯೆದುರು ಅದನ್ನು ಹೇಳುವ ಧೈರ್ಯ ನನಗಿಲ್ಲ. ಅವರಿಗೆ ನಾನು ಒಪ್ಪುವುದು ಇನ್ನೊಂದು ಕಾರಣಕ್ಕೆ: ಗಟ್ಟಿಯಾದ ಇಡೀ ದ್ರಾಕ್ಷಿ. ನೋಡಲು ಚಂದ, ಮಾಡಲು ಸಲೀಸು, ಐದು ವರ್ಷದೊಳಗಿನ ಮಕ್ಕಳಿಗೆ ಅಪಾಯ. ಗಂಟಲಿಗೆ ಸರಿಯಾಗಿ ಕೂರುವ ಗಾತ್ರ ಅದರದ್ದು. ಉದ್ದುದ್ದಕ್ಕೆ ನಾಲ್ಕು ಸೀಳಾಗಿ ಹೆಚ್ಚದೆ ಕೊಡಬಾರದು.

ಮಾವು ಮುಗಿಯುವ ಹೊತ್ತಿಗೆ ನೇರಳೆ, ನೇರಳೆಯ ಹಿಂದೆ ಮಳೆಗಾಲದ ಕೊನೆಗೆ ಸೀತಾಫಲ. ದಸರಾ ರಜೆಗೆ ಮಕ್ಕಳು ಮತ್ತೆ ಬರುವಾಗ ಬೆಟ್ಟದ ಕಡೆಯ ಹಣ್ಣಿನ ಬುಟ್ಟಿಗಳು ಅದರಿಂದಲೇ ತುಂಬಿರುತ್ತವೆ. ಬಾಳೆಯ ನಂತರ ತಾನಾಗಿ ಕೆನೆಗಟ್ಟುವ ಹಣ್ಣೆಂದರೆ ಅದೇ, ಹಾಗಾಗಿ ತಪ್ಪದೆ ಮಾಡಿ ನೋಡಿ. ಆದರೆ ತಿರುಳನ್ನು ಕೈಯಿಂದ ಕಿವುಚಿ ಬೀಜ ಒಂದೂ ಉಳಿಯದಂತೆ ಆರಿಸಿದ ಮೇಲೆಯೇ ಮಿಕ್ಸಿಗೆ ಹಾಕಿ. ಸೀತಾಫಲದ ಬೀಜ ವಿಷಕಾರಿ, ಅರೆದರಂತೂ ಕಣ್ಣಿಗೂ ಹೊಟ್ಟೆಗೂ ಆಗದು. ಬೀಜ ಎಣಿಸುವ ಕೆಲಸವನ್ನು ಮಕ್ಕಳಿಗೇ ವಹಿಸಿ. ಅವರ ಲೆಕ್ಕ ತಪ್ಪುವುದಿಲ್ಲ.